ಅಟ್ಟದಿಂದ ಇಳಿಸಿದ ವೀಡ್ ಕಟರ್ ಸ್ಟಾರ್ಟ್ ಆಗುತ್ತಿಲ್ಲವೇ? ಸ್ಕ್ರೂ ತಿರುಗಿಸುವ ಮೊದಲು ಇಷ್ಟು ನೋಡಿ

ಅಡಿಕೆ ಕೊನೆ ಕೊಯ್ಲಿಗೆ ಮುಂಚೆ ತೋಟದ ಹುಲ್ಲು ಹೊಡೆದು, ಹಾಗೆಯೇ ಒಯ್ದು ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಇಟ್ಟ ವೀಡ್ ಕಟರ್ ಮತ್ತೆ ನೆನಪಾಗುವುದು ಮಳೆಗಾಲ ಹಿಡಿದು ಹುಲ್ಲು ಮೊಣಕಾಲಿಗೆ ಬಂದ ಮೇಲೆಯೇ. ಇಳಿಸಿ ತಂದು ಅಂಗಳದಲ್ಲಿಟ್ಟು ಹಗ್ಗ ಎಳೆದರೆ ಸದ್ದೇ ಇಲ್ಲ. ಎಳೆದೆಳೆದು ರಟ್ಟೆ ಬಿದ್ದುಹೋದ ಮೇಲೆ ಯಾರಾದರೊಬ್ಬರು ಸ್ಕ್ರೂಡ್ರೈವರ್ ತಂದು, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರಿನ ಸ್ಕ್ರೂಗೆ ಕೈ ಹಾಕುತ್ತಾರೆ. ಅಲ್ಲಿಗೆ ಅರ್ಧ ಗಂಟೆಯ ಕೆಲಸ ಪೇಟೆಯ ಮೆಕ್ಯಾನಿಕ್ ಅಂಗಡಿಯಲ್ಲಿ ವಾರ ಕಾಯುವ ಕೆಲಸವಾಗುತ್ತದೆ.

ಹೋದ ಹಂಗಾಮಿನಲ್ಲಿ ಸರಿಯಾಗಿ ಓಡಿದ ಎಂಜಿನ್‌ನ ಟ್ಯೂನಿಂಗ್ ಕೂತಲ್ಲೇ ತಪ್ಪುವುದಿಲ್ಲ. ಸ್ಕ್ರೂ ತಾನಾಗಿ ತಿರುಗುವುದಿಲ್ಲ, ಪಿಸ್ಟನ್ ತಾನಾಗಿ ಸವೆಯುವುದಿಲ್ಲ. ಕೂತಲ್ಲೇ ಆಗುವುದು ಬೇರೆ: ಪೆಟ್ರೋಲ್ ಹಳಸುತ್ತದೆ, ರಬ್ಬರ್ ಗಟ್ಟಿಯಾಗುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಇರುವೆ-ಕಣಜಗಳು ಗೂಡು ಕಟ್ಟುತ್ತವೆ, ಇಲಿ ವೈರ್ ಕಡಿಯುತ್ತದೆ. ಹುಡುಕಬೇಕಾದ್ದು ಇವನ್ನೇ. ಅದರಲ್ಲೂ ಮೊದಲನೆಯದರ ಪಾಲೇ ದೊಡ್ಡದು. ಅನುಭವಸ್ಥ ಮೆಕ್ಯಾನಿಕ್ ಯಂತ್ರ ಮುಟ್ಟುವ ಮೊದಲು ಕೇಳುವ ಪ್ರಶ್ನೆಯೂ ಅದೇ: "ಪೆಟ್ರೋಲ್ ಯಾವಾಗಿಂದು ಭಟ್ರೇ?"

ಇಲ್ಲಿ ಹೇಳುವುದೆಲ್ಲ ಹೆಗಲಿಗೆ ಹಾಕಿಕೊಂಡು ಹುಲ್ಲು ಹೊಡೆಯುವ ಕಟರ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು. ಮರ ಕೊಯ್ಯುವ ಚೈನ್ ಸಾ, ಬೆನ್ನಿಗೆ ಹಾಕುವ ಪವರ್ ಸ್ಪ್ರೇಯರ್‌ಗಳಿಗೂ ಬಹುಪಾಲು ಹೊಂದುತ್ತದೆ. ನೀರೆತ್ತುವ ಪಂಪ್, ಸಣ್ಣ ಟಿಲ್ಲರ್‌ಗಳ ಕಾರ್ಬೊರೇಟರ್ ಬೇರೆ ತರಹದ್ದು, ಅದನ್ನು ಕೊನೆಯಲ್ಲಿ ಹೇಳಿದ್ದೇನೆ.

ಕೈ ಹಾಕುವ ಮುನ್ನ

ನಿಮ್ಮದು ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂಬುದು ಖಚಿತವಿರಲಿ. ಎಂಜಿನ್‌ನ ಬುಡದಲ್ಲಿ ಆಯಿಲ್ ಹಾಕಲು ಬೇರೆಯೇ ಮುಚ್ಚಳವಿದ್ದರೆ ಫೋರ್ ಸ್ಟ್ರೋಕ್. ನಮ್ಮ ಕಡೆ ಧಾರಾಳವಾಗಿ ಕಾಣುವ ಹೋಂಡಾ ಜಿಎಕ್ಸ್35 ಈ ಜಾತಿಯದು. 35.8 ಸಿಸಿಯ ಅದರ ಹೊಟ್ಟೆಗೆ ಬೇಕಾದ ಆಯಿಲ್ ಬರೀ 100 ಮಿ.ಲೀ. ಟ್ಯಾಂಕಿಗೆ ಬರಿಯ ಪೆಟ್ರೋಲ್. ಅಂಥ ಮುಚ್ಚಳವಿಲ್ಲದೆ ಟ್ಯಾಂಕಿಗೇ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕುವಂಥದ್ದಾದರೆ ಟೂ ಸ್ಟ್ರೋಕ್. ಮನೆಯಲ್ಲಿ ಎರಡೂ ಇದ್ದರೆ ಕ್ಯಾನ್‌ಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಫೋರ್ ಸ್ಟ್ರೋಕಿಗೆ ಮಿಶ್ರಣ ಹಾಕಿದರೆ ಹೊಗೆ ಕಾರಿ, ಕಿಡಿ ಹಾರಿಸುವ ಪ್ಲಗ್ ಮಸಿ ಹಿಡಿಯುತ್ತದೆ, ಅಷ್ಟೇ. ಟೂ ಸ್ಟ್ರೋಕಿಗೆ ಬರಿಯ ಪೆಟ್ರೋಲ್ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಕತೆ ಮುಗಿಯುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಯಂತ್ರದ ಜೊತೆ ಬಂದ ಪ್ಲಗ್ ಪಾನ, ಸ್ಕ್ರೂಡ್ರೈವರ್, ಎಲ್ ಕೀ, ಸೂಜಿ ತೆಗೆದ ಸಿರಿಂಜ್, ಹಳೆಯ ಹಲ್ಲುಜ್ಜುವ ಬ್ರಷ್, ಹೊಸ ಪೆಟ್ರೋಲ್. ಹೊಸ ಪ್ಲಗ್ ಒಂದನ್ನು ಮನೆಯಲ್ಲಿ ಯಾವಾಗಲೂ ಇಟ್ಟುಕೊಳ್ಳುವುದು ಒಳ್ಳೆಯದು. ಪಾರ್ಟ್ಸ್ ಬಿಚ್ಚುವುದಾದರೆ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಕಾರ್ಬೊರೇಟರಿನ ಸ್ಪ್ರಿಂಗ್ ಅಂಗಳದ ಮಣ್ಣಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲ.

ಕೆಲಸ ಹೊರಗಡೆ, ಗಾಳಿಯಾಡುವಲ್ಲಿ ಆಗಲಿ. ಬಚ್ಚಲ ಒಲೆ ಉರಿಯುತ್ತಿರುವ ಮಗ್ಗುಲಲ್ಲಿ ಕೂತು ಪೆಟ್ರೋಲ್ ಟ್ಯಾಂಕ್ ಬಿಚ್ಚುವವರಿದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಒಲೆಯ ತನಕ ಹೋಗುತ್ತದೆ. ಸ್ಟಾರ್ಟ್ ಮಾಡಿ ನೋಡುವಾಗ ಬ್ಲೇಡ್ ನೆಲಕ್ಕೆ ತಾಗದಂತೆ, ಮಕ್ಕಳು-ನಾಯಿ ಹತ್ತಿರ ಬಾರದಂತೆ ನೋಡಿಕೊಳ್ಳಿ. ಎಕ್ಸಲರೇಟರನ್ನು ಒತ್ತಿದಂತೆಯೇ ಹಿಡಿದಿಡುವ ಸ್ಟಾರ್ಟಿಂಗ್ ಲಾಕ್ ಇರುವ ಯಂತ್ರದಲ್ಲಿ ಎಂಜಿನ್ ಹಿಡಿದ ಕ್ಷಣವೇ ಬ್ಲೇಡ್ ತಿರುಗುತ್ತದೆ.

ಹಳೆಯ ಪೆಟ್ರೋಲ್ ಚೆಲ್ಲುವುದು

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ. ಹೊಸ ಪೆಟ್ರೋಲಿನದು ಮೂಗಿಗೆ ಚುರ್ ಎನ್ನುವ ವಾಸನೆ. ಹಳಸಿದ್ದು ವಾರ್ನಿಷ್ ಡಬ್ಬಿ ತೆಗೆದ ಹಾಗೆ ಮಂದವಾಗಿ, ಸ್ವಲ್ಪ ಹುಳಿಯಾಗಿ ನಾರುತ್ತದೆ. ಬೇಗ ಆವಿಯಾಗುವ ಹಗುರ ಅಂಶಗಳೇ ತಣ್ಣನೆಯ ಎಂಜಿನ್ ಹಿಡಿಯಲು ಬೇಕಾದದ್ದು. ತಿಂಗಳುಗಟ್ಟಲೆ ಕೂತ ಪೆಟ್ರೋಲಿನಿಂದ ಮೊದಲು ಹಾರಿಹೋಗುವುದೂ ಅವೇ. ಉಳಿದದ್ದು ನಿಧಾನಕ್ಕೆ ಅಂಟಾಗಿ ಸಣ್ಣ ತೂತುಗಳಲ್ಲಿ ಗಟ್ಟಿಯಾಗುತ್ತದೆ.

ಈಗ ಇದಕ್ಕೆ ಎಥನಾಲ್ ಬೇರೆ ಸೇರಿದೆ. ಶೇ. 20 ಎಥನಾಲ್ ಬೆರೆತ ಇ-20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ತೇವಕ್ಕೇನು ಬರ? ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಟ್ಯಾಂಕಿನ ಒಳಗಿನ ಪೈಪು ಹೀರುವುದು ತಳದಿಂದಲೇ. ಟೂ ಸ್ಟ್ರೋಕಿನಲ್ಲಾದರೆ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳಿದುಬಿಡುತ್ತದೆ. ಹಾಗಾಗಿ ತಳದ ನೀರು ಅಕಸ್ಮಾತ್ ಎಂಜಿನ್‌ಗೆ ಹೋದರೆ ಜಿಡ್ಡೇ ಇಲ್ಲದ ಓಟ. ಅನೇಕ ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎಂದೇ ಬರೆದಿದೆ. ಬಂಕಿನಲ್ಲಿ ಬೇರೆ ಸಿಗದಿದ್ದರೆ ನಾವು ಮಾಡಬಹುದಾದ್ದು ಒಂದೇ, ಹಾಕಿದ್ದನ್ನು ಕೂರಲು ಬಿಡದಿರುವುದು.

ಟ್ಯಾಂಕಿನಲ್ಲಿದ್ದುದನ್ನು ಪಾರದರ್ಶಕ ಬಾಟಲಿಗೆ ಸುರಿದು ಹತ್ತು ನಿಮಿಷ ಇಡಿ. ತಳದಲ್ಲಿ ಬೇರೆ ಪದರ ಕಂಡರೆ, ಗುಳ್ಳೆಗುಳ್ಳೆಯಾಗಿ ನೀರು ಕೂತಿದ್ದರೆ ರೋಗ ಸಿಕ್ಕ ಹಾಗೆ. ಏನೂ ಕಾಣದಿದ್ದರೂ ಎರಡು ತಿಂಗಳು ದಾಟಿದ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ. ಅದಕ್ಕೆ ಅರ್ಧ ಹೊಸದು ಬೆರೆಸಿ ಉಳಿತಾಯ ಮಾಡುವುದು ಬೇಡ. ಟ್ಯಾಂಕೇ ಅರ್ಧ-ಮುಕ್ಕಾಲು ಲೀಟರಿನದು, ಅದರಲ್ಲಿ ಉಳಿಸುವುದೇನು? ಹಳೆಯದನ್ನು ತೋಟಕ್ಕೆ, ಬಾವಿಯ ಬಳಿ, ಚರಂಡಿಗೆ ಚೆಲ್ಲದೆ ಮೆಕ್ಯಾನಿಕ್ ಅಂಗಡಿಗೆ ಕೊಡಿ, ಸಾಮಾನು ತೊಳೆಯಲು ಬಳಸುತ್ತಾರೆ. ಒಲೆ ಹಚ್ಚಲು ಮಾತ್ರ ಖಂಡಿತ ಬೇಡ.

ಟ್ಯಾಂಕನ್ನು ಸ್ವಲ್ಪ ಹೊಸ ಪೆಟ್ರೋಲಿನಿಂದ ಕುಲುಕಿ ತೊಳೆದು ಚೆಲ್ಲಿ, ಆಮೇಲೆ ತುಂಬಿ. ಟೂ ಸ್ಟ್ರೋಕಿನ ಲೆಕ್ಕ ಯಂತ್ರದ ಮುಚ್ಚಳದ ಮೇಲೆಯೇ ಇರುತ್ತದೆ. 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. 2ಟಿ ಆಯಿಲ್, 25:1 ಎಂದಿದ್ದರೆ 40 ಮಿ.ಲೀ. ಅಂದಾಜಿನ ಮೇಲೆ ಸುರಿಯದೆ ಅಳತೆಯ ಬಾಟಲಿ ಬಳಸಿ. ಬೇರೆ ಕ್ಯಾನಿನಲ್ಲಿ ಚೆನ್ನಾಗಿ ಕುಲುಕಿದ ಮೇಲೆಯೇ ಟ್ಯಾಂಕಿಗೆ ಹಾಕಿ. ಟ್ಯಾಂಕಿಗೇ ಆಯಿಲ್ ಸುರಿದು ಮೇಲಿಂದ ಪೆಟ್ರೋಲ್ ಹಾಕಿದರೆ ಆಯಿಲ್ ತಳದ ಪೈಪಿಗೇ ಹೋಗಿ ಕೂರುತ್ತದೆ.

ಸರಿಯಾಗಿ ಎಳೆದು ನೋಡಿ

ಪೆಟ್ರೋಲ್ ಬದಲಿಸಿದಷ್ಟಕ್ಕೇ ಎಷ್ಟೋ ಯಂತ್ರಗಳು ಹಿಡಿದುಬಿಡುತ್ತವೆ, ಎಳೆಯುವ ಕ್ರಮ ಸರಿಯಿದ್ದರೆ. ಸ್ವಿಚ್ ಆನ್ ಇದೆಯೇ ನೋಡಿ (ನಗಬೇಡಿ, ಮೆಕ್ಯಾನಿಕ್ ಅಂಗಡಿಗೆ ಬರುವ ಯಂತ್ರಗಳಲ್ಲಿ ಸ್ವಿಚ್ ಆಫ್ ಇದ್ದವೂ ಸೇರಿರುತ್ತವೆ). ಕಾರ್ಬೊರೇಟರ್ ಬುಡದ ರಬ್ಬರ್ ಬಲ್ಬನ್ನು ಒತ್ತುತ್ತ ಹೋಗಿ. ಅದರೊಳಗೆ ಗಾಳಿಗುಳ್ಳೆ ಹೋಗಿ ಪೆಟ್ರೋಲ್ ತುಂಬಿಕೊಂಡು, ವಾಪಸ್ ಪೈಪಿನಲ್ಲಿ ಟ್ಯಾಂಕಿಗೆ ಹರಿಯುವುದು ಕಾಣಬೇಕು. ಚೋಕ್ (ಒಳಹೋಗುವ ಗಾಳಿ ತಡೆಯುವ ಲಿವರ್) ಮುಚ್ಚಿ. ಹಗ್ಗವನ್ನು ನಿಧಾನ ಎಳೆದು, ಬಿಗಿ ಸಿಕ್ಕಿದಲ್ಲಿಂದ ಒಂದೇ ಜಗ್ಗು. ಮೂರು-ನಾಲ್ಕು ಸಲದೊಳಗೆ ಎಂಜಿನ್ ಒಮ್ಮೆ ಕೆಮ್ಮಿದ ಹಾಗೆ ಸದ್ದು ಮಾಡಿ ನಿಲ್ಲುತ್ತದೆ. ಆ ಕೆಮ್ಮು ಕೇಳಿದೊಡನೆ ಚೋಕ್ ತೆರೆದು ಮತ್ತೆ ಎಳೆಯಬೇಕು. ಬಹಳ ಜನ ಇಲ್ಲೇ ಎಡವುವುದು. ಕೆಮ್ಮು ಕೇಳಿಸಿಕೊಳ್ಳದೆ ಚೋಕ್ ಮುಚ್ಚಿಕೊಂಡೇ ಎಳೆಯುತ್ತ ಹೋದರೆ ಒಳಗೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗುತ್ತದೆ.

ಐದಾರು ಜಗ್ಗಿಗೂ ಕೆಮ್ಮಲಿಲ್ಲವೆಂದರೆ ಎಳೆಯುವುದನ್ನು ನಿಲ್ಲಿಸಿ. ಇನ್ನೈವತ್ತು ಸಲ ಎಳೆದರೆ ಹಗ್ಗ ತುಂಡಾಗುವುದು ಬಿಟ್ಟರೆ ಬೇರೇನೂ ಆಗದು.

ಪ್ಲಗ್ ಬಿಚ್ಚಿ: ಒದ್ದೆಯೋ, ಒಣಗಿದೆಯೋ?

ಮುಂದಿನ ದಾರಿ ಇಲ್ಲಿ ಕವಲೊಡೆಯುತ್ತದೆ. ಐದಾರು ಸಲ ಎಳೆದ ಕೂಡಲೇ ಪ್ಲಗ್ ಬಿಚ್ಚಿ ತುದಿ ನೋಡಿ. ಒಣಗಿದ್ದರೆ ಪೆಟ್ರೋಲ್ ಒಳಗೆ ಬಂದೇ ಇಲ್ಲ, ದೋಷ ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ದಾರಿಯಲ್ಲಿದೆ. ಒದ್ದೆಯಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಒಂದೋ ಕಿಡಿ ಇಲ್ಲ, ಇಲ್ಲವೇ ವಿಪರೀತ ತುಂಬಿದೆ.

ಒದ್ದೆ ಪ್ಲಗ್ ಸಿಕ್ಕರೆ ಅದನ್ನು ಒರೆಸಿ ಬದಿಗಿಡಿ. ಚೋಕ್ ಪೂರ್ತಿ ತೆರೆದು, ಸ್ವಿಚ್ ಆಫ್ ಮಾಡಿ, ಪ್ಲಗ್‌ನ ತೂತು ಕೆಳಮುಖವಾಗುವ ಹಾಗೆ ಎಂಜಿನ್ ಹಿಡಿದು ಹಗ್ಗವನ್ನು ಹತ್ತಾರು ಸಲ ಎಳೆಯಿರಿ. ತುಂಬಿದ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಕಾಲು ಗಂಟೆ ಹಾಗೇ ಬಿಟ್ಟು, ಒಣಗಿದ ಪ್ಲಗ್ ಹಾಕಿ, ಚೋಕ್ ಇಲ್ಲದೆ ಎಕ್ಸಲರೇಟರ್ ಒತ್ತಿ ಹಿಡಿದು ಎಳೆದು ನೋಡಿ.

ಪ್ಲಗ್ ತುದಿ ಮಸಿ ಕಟ್ಟಿದ್ದರೆ ಬ್ರಷ್‌ನಿಂದ ಉಜ್ಜಿ. ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಜಿಎಕ್ಸ್35ಕ್ಕೆ 0.6ರಿಂದ 0.7 ಮಿ.ಮೀ., ಟೂ ಸ್ಟ್ರೋಕ್ ಕಟರ್‌ಗಳಿಗೆ ಸಾಮಾನ್ಯವಾಗಿ 0.5ರಿಂದ 0.6 ಮಿ.ಮೀ. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಪ್ಲಗ್ ಎಸೆಯುವುದೇ ಸರಿ.

ಕಿಡಿ ನೋಡುವುದು

ಚೆಲ್ಲಿದ ಪೆಟ್ರೋಲ್ ಎಲ್ಲ ಒರೆಸಿ, ಒದ್ದೆ ಬಟ್ಟೆ ದೂರವಿಟ್ಟು ಆಮೇಲೆ ಈ ಪರೀಕ್ಷೆ. ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ತಿರುಪಿರುವ ಲೋಹದ ಭಾಗವನ್ನು ಎಂಜಿನ್‌ನ ಬರಿ ಲೋಹಕ್ಕೆ ಒತ್ತಿ ಹಿಡಿಯಿರಿ. ರಬ್ಬರ್ ಹಿಡಿಯಿರುವ ಇಕ್ಕಳ ಬಳಸಿದರೆ ಶಾಕ್ ಹೊಡೆಯದು. ಪ್ಲಗ್‌ನ ತುದಿ ಸಿಲಿಂಡರಿನ ತೂತಿನಿಂದ ದೂರವಿರಲಿ. ಅಲ್ಲಿಂದ ಚಿಮ್ಮುವ ಆವಿಗೆ ಕಿಡಿ ತಾಗಿದರೆ ಮುಖಕ್ಕೇ ಬೆಂಕಿ. ತೂತಿಗೆ ಬಟ್ಟೆ ಮುಚ್ಚಿಕೊಳ್ಳುವುದು ಇನ್ನೂ ಕ್ಷೇಮ. ಸ್ವಿಚ್ ಆನ್ ಮಾಡಿ, ನೆರಳಿನಲ್ಲಿ ಜೋರಾಗಿ ಹಗ್ಗ ಎಳೆಯಿರಿ. ನೀಲಿ ಕಿಡಿ ಚಟ್ಟನೆ ಹಾರಬೇಕು. ಬಿಸಿಲಿನಲ್ಲಿ ಅದು ಕಾಣುವುದಿಲ್ಲ, ಕಿಡಿ ಇಲ್ಲವೆಂದು ಸುಮ್ಮನೆ ತಲೆ ಕೆಡಿಸಿಕೊಳ್ಳುವುದಾಗುತ್ತದೆ.

ಕಿಡಿ ಕಾಣದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲವೆಂದರೆ ಸಂಶಯ ಪಡಬೇಕಾದ್ದು ಸ್ವಿಚ್‌ನ ವೈರ್. ಈ ಎಂಜಿನ್‌ಗಳಲ್ಲಿ ಆಫ್ ಮಾಡುವುದೆಂದರೆ ಕಿಡಿಗೆ ಕರೆಂಟ್ ಹುಟ್ಟಿಸುವ ಕಾಯಿಲ್‌ನ ಕರೆಂಟನ್ನು ಎಂಜಿನ್ನಿನ ಲೋಹದ ಮೈಗೆ ಮುಟ್ಟಿಸುವುದು. ಹ್ಯಾಂಡಲ್‌ವರೆಗೆ ಹೋಗುವ ಆ ವೈರನ್ನು ಇಲಿ ಕಡಿದು ತಾಮ್ರ ಲೋಹಕ್ಕೆ ತಾಗಿದ್ದರೆ ಎಂಜಿನ್ ಸದಾ ಆಫ್ ಆಗಿಯೇ ಇರುತ್ತದೆ. ಎಂಜಿನ್ ಪಕ್ಕದಲ್ಲಿ ಎರಡು ತೆಳು ವೈರ್‌ಗಳ ಜೋಡಣೆ ಇರುತ್ತದೆ, ಅದನ್ನು ಎಳೆದು ಬಿಡಿಸಿ ಮತ್ತೆ ಕಿಡಿ ನೋಡಿ. ಈಗ ಕಿಡಿ ಬಂದರೆ ಕಾಯಿಲ್ ಚೆನ್ನಾಗಿದೆ, ವೈರ್ ಅಥವಾ ಸ್ವಿಚ್ ಬದಲಿಸಿದರೆ ಮುಗಿಯಿತು. ವೈರ್ ಬಿಡಿಸಿದ ಸ್ಥಿತಿಯಲ್ಲೇ ತೋಟಕ್ಕೆ ಒಯ್ಯಬೇಡಿ, ಹೊತ್ತಿಗೆ ಯಂತ್ರ ನಿಲ್ಲಿಸಲು ಆಗುವುದಿಲ್ಲ. ಪರೀಕ್ಷೆಯ ವೇಳೆ ಎಂಜಿನ್ ಹಿಡಿದುಬಿಟ್ಟರೆ ಚೋಕ್ ಮುಚ್ಚಿ ನಿಲ್ಲಿಸಬಹುದು.

ವೈರ್ ಸರಿಯಿದ್ದೂ ಕಿಡಿ ಇಲ್ಲವೇ? ಮೇಲಿನ ಪ್ಲಾಸ್ಟಿಕ್ ಕವಚ ತೆಗೆದರೆ ಅಯಸ್ಕಾಂತ ಕೂರಿಸಿದ ಫ್ಲೈವ್ಹೀಲ್, ಅದಕ್ಕೆದುರು ಕಾಯಿಲ್ ಕಾಣುತ್ತದೆ. ತೇವಕ್ಕೆ ಎರಡರ ಮುಖಕ್ಕೂ ತುಕ್ಕು ಕಟ್ಟಿರುತ್ತದೆ, ಸಣ್ಣ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ತೆಗೆಯಿರಿ. ನಡುವಿನ ಸಂದು ಸುಮಾರು 0.3 ಮಿ.ಮೀ. ಇರಬೇಕು. ಫೀಲರ್ ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ಸಾಕು: ಕಾಯಿಲ್‌ನ ಎರಡು ಸ್ಕ್ರೂ ಸಡಿಲಿಸಿ, ಅಯಸ್ಕಾಂತ ಎದುರಿಗೆ ಬರುವ ಹಾಗೆ ತಿರುಗಿಸಿ, ನಡುವೆ ಕಾರ್ಡ್ ಇಟ್ಟು ಕಾಯಿಲ್ ತಾನೇ ಅಂಟಿಕೊಳ್ಳಲು ಬಿಟ್ಟು ಸ್ಕ್ರೂ ಬಿಗಿದು ಕಾರ್ಡ್ ಎಳೆದುಕೊಳ್ಳಿ. ಇಷ್ಟಾದರೂ ಕಿಡಿ ಬಾರದಿದ್ದರೆ ಕಾಯಿಲ್ ಹೋಗಿದೆ. ಅದಕ್ಕೆ ರಿಪೇರಿ ಇಲ್ಲ, ಹೊಸದೇ ಆಗಬೇಕು.

ಒಂದು ಮಿ.ಲೀ. ಪರೀಕ್ಷೆ

ಕಿಡಿ ಇದೆ, ಪ್ಲಗ್ ಒಣಗಿದೆ. ಕಾರ್ಬೊರೇಟರಿಗೆ ಕೈ ಹಾಕುವ ಮೊದಲು ಇದೊಂದನ್ನು ಮಾಡಿ. ಸಿರಿಂಜಿನಲ್ಲಿ 1 ಮಿ.ಲೀ. ಹೊಸ ಪೆಟ್ರೋಲ್ (ಟೂ ಸ್ಟ್ರೋಕಿಗೆ ಆಯಿಲ್ ಬೆರೆಸಿದ್ದೇ) ತೆಗೆದುಕೊಂಡು ಪ್ಲಗ್‌ನ ತೂತಿನಿಂದ ಒಳಗೆ ಬಿಡಿ. ಪ್ಲಗ್ ಹಾಕಿ ಬಿಗಿದು, ಹೊರಗೆ ಬಿದ್ದ ಹನಿ ಒರೆಸಿ, ಚೋಕ್ ತೆರೆದು ಎಳೆಯಿರಿ.

ಎರಡು-ಮೂರು ಸೆಕೆಂಡ್ ಗುರ್ ಎಂದು ಓಡಿ ನಿಂತರೆ ಕಿಡಿಯೂ ಸರಿ, ಕಂಪ್ರೆಶನ್ನೂ (ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಅದುಮುವ ಬಿಗಿ) ಸರಿ. ತಪ್ಪು ಪೆಟ್ರೋಲ್ ಬರುವ ದಾರಿಯದು ಮಾತ್ರ. ಏನೂ ಆಗದಿದ್ದರೆ ಕಾರ್ಬೊರೇಟರ್ ಬಿಚ್ಚಿ ಪ್ರಯೋಜನವಿಲ್ಲ, ಕೆಳಗೆ ಹೇಳಿದ ಸೈಲೆನ್ಸರ್ ಮತ್ತು ಕಂಪ್ರೆಶನ್ ಕಡೆ ಹೋಗಿ. ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಇನ್ನೊಂದು ಹೆಜ್ಜೆ ಇಲ್ಲ. ಇದರ ಬದಲು ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಟೂ ಸ್ಟ್ರೋಕಿಗೆ ಒಳ್ಳೆಯದಲ್ಲ, ಅದರಲ್ಲಿ ಜಿಡ್ಡಿರುವುದಿಲ್ಲ.

ಟ್ಯಾಂಕಿನಿಂದ ಬಲ್ಬಿನ ತನಕ

ಬಲ್ಬನ್ನು ಒತ್ತಿ ಬಿಡಿ. ಒತ್ತಿದ್ದು ಮೇಲೇಳದೆ ಚಪ್ಪಟೆಯಾಗಿಯೇ ಉಳಿದರೆ ಪೆಟ್ರೋಲ್ ಬರುವ ದಾರಿ ಕಟ್ಟಿದೆ. ಮೇಲೆದ್ದರೂ ಬರೀ ಗಾಳಿ ಎಳೆಯುತ್ತಿದ್ದರೆ ಪೈಪು ಬಿರಿದಿದೆ, ಅಥವಾ ಟ್ಯಾಂಕಿನೊಳಗೆ ಪೈಪಿನ ತುದಿ ಕಳಚಿ ಬಿದ್ದಿದೆ. ಬಲ್ಬೇ ಒಡೆದು ಜಿನುಗುವುದೂ ಉಂಟು.

ಟ್ಯಾಂಕಿನೊಳಗಿನ ಪೈಪಿನ ತುದಿಗೆ ಒಂದು ಫಿಲ್ಟರ್ ಸಿಕ್ಕಿಸಿರುತ್ತಾರೆ. ತಂತಿಯ ತುದಿ ಬಾಗಿಸಿ ಕೊಕ್ಕೆ ಮಾಡಿ ಅದನ್ನು ಮುಚ್ಚಳದ ಬಾಯಿಂದ ಹೊರಗೆಳೆಯಿರಿ. ಕಪ್ಪಗೆ ಅಂಟಂಟಾಗಿದ್ದರೆ ತೊಳೆಯುವ ಗೋಜಿಗೆ ಹೋಗದೆ ಹೊಸದು ಹಾಕಿ, ಅಗ್ಗದ ಸಾಮಾನು. ಪೈಪನ್ನು ಬೆರಳಿನಲ್ಲಿ ಬಗ್ಗಿಸಿ ನೋಡಿ. ಮೆತ್ತಗೆ ಬಾಗಬೇಕು. ಬಾಗಿದಲ್ಲಿ ಬಿರುಕು ಬಾಯಿ ಬಿಟ್ಟರೆ, ಅಥವಾ ಹಿಡಿದಲ್ಲಿ ಜಿಗುಟಾಗಿ ಕೈಗಂಟಿದರೆ ಎರಡೂ ಪೈಪುಗಳನ್ನು ಒಟ್ಟಿಗೇ ಬದಲಿಸಿ. ಹಳೆಯ ಯಂತ್ರಗಳ ರಬ್ಬರ್ ಎಥನಾಲಿಗೆ ಹೇಳಿ ಮಾಡಿಸಿದ್ದಲ್ಲ, ಬೇಗ ಕೆಡುತ್ತದೆ. ಹಾಕುವಾಗ ದಪ್ಪ ಪೈಪು-ತೆಳು ಪೈಪು ಅದಲುಬದಲಾಗದಂತೆ ಮೊಬೈಲಿನಲ್ಲಿ ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನೊಂದು, ಟ್ಯಾಂಕಿಗೆ ಗಾಳಿ ಹೋಗಲು ಇರುವ ಸಣ್ಣ ತೂತು. ಕೆಲವದರಲ್ಲಿ ಮುಚ್ಚಳದಲ್ಲೇ ಇರುತ್ತದೆ, ಕೆಲವದರಲ್ಲಿ ಬೇರೆ ಪೈಪು. ಅದು ಮಣ್ಣು ಮುಚ್ಚಿ ಕಟ್ಟಿದರೆ ಟ್ಯಾಂಕಿನಿಂದ ಪೆಟ್ರೋಲ್ ಹೊರಬರದು. ಮುಚ್ಚಳ ತುಸು ಸಡಿಲಿಸಿದಾಗ ಉಸ್ ಎಂದು ಗಾಳಿ ಒಳಗೆಳೆದರೆ ಇದೇ ತೊಂದರೆ.

ಕಾರ್ಬೊರೇಟರ್ ಬಿಚ್ಚಲೇಬೇಕಾದಾಗ

ಬಲ್ಬಿನಲ್ಲಿ ಪೆಟ್ರೋಲ್ ತುಂಬುತ್ತದೆ, ಆದರೂ ಪ್ಲಗ್ ಒಣಗಿಯೇ ಇದೆ ಎಂದಾದರೆ ಮಾತ್ರ ಇಲ್ಲಿಗೆ ಬನ್ನಿ. ಹೆಗಲಿನ ಮೇಲೆ ಹೇಗೆ ವಾಲಿಸಿದರೂ ಓಡಬೇಕಾದ ಎಂಜಿನ್ ಆದ್ದರಿಂದ ಇದರ ಕಾರ್ಬೊರೇಟರಿನಲ್ಲಿ ತೇಲುವ ಫ್ಲೋಟ್ ಇಲ್ಲ. ಅದರ ಕೆಲಸವನ್ನು ಎರಡು ತೆಳು ಪೊರೆಗಳು ಮಾಡುತ್ತವೆ. ಒಂದು, ಎಂಜಿನ್‌ನ ಒತ್ತಡದ ಏರಿಳಿತಕ್ಕೆ ಕುಣಿದು ಪೆಟ್ರೋಲನ್ನು ಪಂಪ್ ಮಾಡುತ್ತದೆ. ಇನ್ನೊಂದು, ಎಂಜಿನ್ ಎಳೆದಾಗ ಒಳಸರಿದು ಪುಟ್ಟ ಲಿವರ್ ಒತ್ತಿ, ಸೂಜಿಯ ಹಾಗಿರುವ ವಾಲ್ವ್ ತೆರೆಯುತ್ತದೆ. ಪೆಟ್ರೋಲ್ ಒಳಗಿಟ್ಟುಕೊಂಡು ತಿಂಗಳುಗಟ್ಟಲೆ ಕೂತರೆ ಪೊರೆ ಗಟ್ಟಿಯಾಗುತ್ತದೆ, ಸೂಜಿ ಅಂಟಿಕೊಳ್ಳುತ್ತದೆ.

ಏರ್ ಫಿಲ್ಟರ್ ಡಬ್ಬಿ ತೆಗೆದು, ಎಕ್ಸಲರೇಟರ್ ಕೇಬಲ್ ಮತ್ತು ಪೈಪುಗಳನ್ನು ಕಳಚಿ, ಹಿಡಿದಿಟ್ಟ ಎರಡು ಸ್ಕ್ರೂ ಬಿಚ್ಚಿದರೆ ಕಾರ್ಬೊರೇಟರ್ ಕೈಗೆ ಬರುತ್ತದೆ. ಹೊರಗೆಲ್ಲ ಬ್ರಷ್ ಮಾಡಿ ಮಣ್ಣು ತೆಗೆದ ಮೇಲೆಯೇ ಒಳಗೆ ತೆರೆಯಿರಿ. ಬಲ್ಬಿನ ಕಡೆಯ ನಾಲ್ಕು ಸ್ಕ್ರೂ ಬಿಚ್ಚಿ, ಪದರ ಪದರವಾಗಿ ಎತ್ತಿ, ಪ್ರತಿ ಪದರಕ್ಕೂ ಒಂದು ಫೋಟೊ ತೆಗೆದು, ಎತ್ತಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಪೊರೆ ಮೊದಲೋ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಮೊದಲೋ ಎಂಬುದು ಅದಲುಬದಲಾದರೆ ಎಷ್ಟು ಸ್ವಚ್ಛ ಮಾಡಿದ್ದರೂ ಎಂಜಿನ್ ಓಡದು.

ಪೊರೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಚರಚರ ಸದ್ದು ಬಂದರೆ, ಅಥವಾ ಬೆರಳಿಟ್ಟು ಒತ್ತಿದ ಗುಳಿ ಹಾಗೇ ಉಳಿದರೆ ಅದರ ಆಯುಸ್ಸು ಮುಗಿದಿದೆ. ಪೊರೆ, ಗ್ಯಾಸ್ಕೆಟ್, ಸೂಜಿ ಎಲ್ಲ ಸೇರಿದ ರಿಪೇರಿ ಕಿಟ್ ಸಿಗುತ್ತದೆ. ಕೊಳ್ಳಲು ಹೋಗುವಾಗ ಕಾರ್ಬೊರೇಟರಿನ ಮೈಮೇಲೆ ಕೊರೆದಿರುವ ನಂಬರ್ ಬರೆದುಕೊಂಡು ಹೋಗಿ, ನೋಡಲು ಒಂದೇ ತರಹವಿದ್ದರೂ ತೂತುಗಳು ಬೇರೆ ಬೇರೆ.

ಪಂಪ್ ಪೊರೆಯ ಅಡಿಯಲ್ಲಿ ಮೆಂತ್ಯ ಕಾಳಿನಷ್ಟಗಲದ ಒಂದು ಜಾಲರಿ ಇದೆ. ಬಹಳ ಸಲ ಇಡೀ ತೊಂದರೆ ಇರುವುದು ಆ ಜಾಲರಿಯಲ್ಲೇ. ಕಂದು ಬಣ್ಣದ ಅಂಟು ಕಟ್ಟಿಕೊಂಡಿರುತ್ತದೆ. ಕಾರ್ಬೊರೇಟರ್ ಕ್ಲೀನರ್ ಹೊಡೆದು ತೊಳೆಯಿರಿ, ಪೊರೆ-ರಬ್ಬರ್‌ಗಳನ್ನೆಲ್ಲ ಮೊದಲೇ ಬೇರೆಯಿಟ್ಟು. ಕ್ಲೀನರ್ ತಾಗಿದರೆ ರಬ್ಬರ್ ಉಬ್ಬುತ್ತದೆ. ಪೆಟ್ರೋಲ್ ಚಿಮ್ಮುವ ಜೆಟ್‌ನ ತೂತಿಗೆ ಪಿನ್ನು, ಸೂಜಿ ತುರುಕಬೇಡಿ. ಅಳತೆ ಮಾಡಿ ಕೊರೆದ ತೂತು ಅದು, ಕೂದಲಷ್ಟು ಹಿಗ್ಗಿದರೂ ಕೆಟ್ಟಿತು. ತೀರಾ ಕಟ್ಟಿದ್ದರೆ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಆಡಿಸಿ, ಗಾಳಿ ಊದಿ. ಸೂಜಿಯ ಲಿವರನ್ನು ಬಗ್ಗಿಸದೆ, ಬೆರಳಿನಿಂದ ಒತ್ತಿ ಸಲೀಸಾಗಿ ಏಳುತ್ತದೆಯೇ ಎಂದಷ್ಟೇ ನೋಡಿ.

ಯಾರೋ ಈಗಾಗಲೇ ಎಲ್, ಎಚ್ ಎಂದು ಗುರುತಿರುವ (ನಿಧಾನ ಓಟಕ್ಕೆ, ವೇಗದ ಓಟಕ್ಕೆ ಪೆಟ್ರೋಲ್ ಹೊಂದಿಸುವ) ಸ್ಕ್ರೂ ತಿರುಗಿಸಿಬಿಟ್ಟಿದ್ದರೆ? ಕೈಪಿಡಿಯಲ್ಲಿ ಇರುವ ಅಳತೆಗೆ ತನ್ನಿ. ಕೈಪಿಡಿ ಸಿಗದಿದ್ದರೆ ಎರಡನ್ನೂ ಮೆಲ್ಲಗೆ, ತಡೆ ಸಿಗುವಷ್ಟು ಮಾತ್ರ ಒಳಗೆ ತಿರುಗಿಸಿ, ಅಲ್ಲಿಂದ ಒಂದು ಸುತ್ತು, ಒಂದೂಕಾಲು ಸುತ್ತು ಹೊರಗೆ ತಂದರೆ ಎಂಜಿನ್ ಹಿಡಿಯುವಷ್ಟಾಗುತ್ತದೆ. ಎಚ್ ಸ್ಕ್ರೂವನ್ನು ಒಳಗೆ ಬಿಗಿದಷ್ಟೂ ಪೆಟ್ರೋಲ್ ಕಡಿಮೆಯಾಗಿ ಸದ್ದು ಚುರುಕಾಗುತ್ತದೆ. ಕೇಳಲು ಚೆಂದ, ಆದರೆ ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ಲೂ ಕಡಿಮೆಯಾಗಿ ಪಿಸ್ಟನ್ ಸುಡುತ್ತದೆ. ಕೊನೆಯ ಹೊಂದಾಣಿಕೆಯನ್ನು ತಿಳಿದವರಿಗೇ ಬಿಡಿ.

ಗಾಳಿ, ಹೊಗೆಯ ದಾರಿ

ಏರ್ ಫಿಲ್ಟರ್ ಡಬ್ಬಿಯೊಳಗೆ ಇರುವೆ ಮೊಟ್ಟೆ ಇಟ್ಟಿರುವುದು, ಸೈಲೆನ್ಸರ್ ಬಾಯಲ್ಲಿ ಕಣಜ ಮಣ್ಣು ಮೆತ್ತಿರುವುದು ಮಲೆನಾಡಿನ ಮನೆಗಳಲ್ಲಿ ಹೊಸತಲ್ಲ. ಸ್ಪಂಜ್ ಫಿಲ್ಟರ್ ಪುಡಿಪುಡಿಯಾಗಿ ಉದುರುತ್ತಿದ್ದರೆ ಎಸೆದು ಹೊಸದು ಹಾಕಿ. ಗಟ್ಟಿಯಿದ್ದರೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಸೈಲೆನ್ಸರಿನ ಬಾಯಲ್ಲಿ ಕೆಲವು ಯಂತ್ರಗಳಿಗೆ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಅದು ಮಸಿ ಕಟ್ಟಿ ಮುಚ್ಚಿದರೆ ಎಂಜಿನ್ ಹಿಡಿದರೂ ಬಲ ಬಾರದು. ತಂತಿ ಬ್ರಷ್‌ನಲ್ಲಿ ಉಜ್ಜಿ ಮತ್ತೆ ಅಲ್ಲೇ ಕೂರಿಸಿ. ಒಣ ತರಗೆಲೆಯ ಬೇಣದಲ್ಲಿ ಓಡಾಡುವ ಯಂತ್ರಕ್ಕೆ ಅದು ಬೇಕು.

ಕಂಪ್ರೆಶನ್

ಹಗ್ಗ ಎಳೆದಾಗ ಒಂದು ಜಾಗದಲ್ಲಿ ಬಿಗಿಯಾಗಿ ತಡೆದು ಆಮೇಲೆ ಬಿಡಬೇಕು. ತಡೆಯೇ ಇಲ್ಲದೆ ಸಲೀಸಾಗಿ ಬಂದರೆ ಪ್ಲಗ್ ಬಿಗಿಯಾಗಿದೆಯೇ ನೋಡಿ. ಬಿಗಿಯಿದ್ದರೆ ಪ್ಲಗ್ ತೂತಿನಿಂದ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು ಎಳೆಯಿರಿ. ಈಗ ಬಿಗಿ ಬಂದರೆ ಪಿಸ್ಟನ್ ರಿಂಗ್ ಒಣಗಿದೆ ಅಥವಾ ಅಂಟಿದೆ. ಕೂತಿದ್ದರಿಂದ ಒಣಗಿದ್ದಾದರೆ ಒಮ್ಮೆ ಓಡಿದ ಮೇಲೆ ಸರಿಹೋಗುತ್ತದೆ. ಫೋರ್ ಸ್ಟ್ರೋಕಿನಲ್ಲಿ ವಾಲ್ವ್ ತುಕ್ಕಿಗೆ ಅಂಟಿ ತೆರೆದೇ ಉಳಿದಿರುವ ಸಾಧ್ಯತೆಯೂ ಇದೆ.

ಹಗ್ಗ ಅಲ್ಲಾಡುವುದೇ ಇಲ್ಲವೆಂದರೆ ಬಲ ಪ್ರಯೋಗ ಬೇಡ. ಪ್ಲಗ್ ಬಿಚ್ಚಿ ಎಳೆದು ನೋಡಿ, ಒಳಗೆ ಪೆಟ್ರೋಲೋ ಆಯಿಲ್ಲೋ ತುಂಬಿದ್ದರೆ ಹೊರಬಂದು ಸಡಿಲವಾಗುತ್ತದೆ. ಆಗಲೂ ಅಲ್ಲಾಡದಿದ್ದರೆ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ಟೂ ಸ್ಟ್ರೋಕಿನ ಸೈಲೆನ್ಸರ್ ಕಳಚಿದರೆ ಆ ಕಿಂಡಿಯಲ್ಲಿ ಪಿಸ್ಟನ್ ಪಕ್ಕೆ ಕಾಣುತ್ತದೆ, ಟಾರ್ಚ್ ಹಾಕಿ ನೋಡಿ. ನುಣ್ಣಗೆ ಹೊಳೆಯುತ್ತಿದ್ದರೆ ಭಯವಿಲ್ಲ. ಉದ್ದುದ್ದ ಗೀರು ಬಿದ್ದಿದ್ದರೆ ಪಿಸ್ಟನ್-ಸಿಲಿಂಡರ್ ಎರಡೂ ಹೋದ ಹಾಗೆ. ಬ್ರಾಂಡೆಡ್ ಯಂತ್ರವಾದರೆ ಹೊಸದು ಹಾಕಿಸಬಹುದು, ಅಗ್ಗದ ಯಂತ್ರಕ್ಕೆ ಅಷ್ಟು ಖರ್ಚು ಮಾಡುವುದು ನನಗಂತೂ ಸರಿ ಕಾಣದು.

ಹಿಡಿಯಿತು, ಆದರೆ ನಿಲ್ಲುತ್ತದೆ

ಚೋಕ್ ಮುಚ್ಚಿದ್ದರೆ ಮಾತ್ರ ಓಡಿ, ತೆರೆದೊಡನೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಜಾಲರಿ, ಜೆಟ್ ಇನ್ನೂ ಅರ್ಧ ಕಟ್ಟಿವೆ, ಇಲ್ಲವೇ ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿದೆ. ಹೀಗೇ ಓಡಿಸಿ ಕೆಲಸ ಮುಗಿಸೋಣ ಎಂದುಕೊಳ್ಳಬೇಡಿ, ಪಿಸ್ಟನ್ ಹಿಡಿಯುವುದು ಇಂಥ ಓಟದಲ್ಲೇ. ಐಡಲ್‌ನಲ್ಲಿ (ಎಕ್ಸಲರೇಟರ್ ಒತ್ತದ ನಿಧಾನ ಓಟದಲ್ಲಿ) ಚೆನ್ನಾಗಿದ್ದು ಎಕ್ಸಲರೇಟರ್ ಒತ್ತಿದಾಗ ಸತ್ತರೂ ಹುಡುಕಬೇಕಾದ್ದು ಅದೇ ಜಾಲರಿ-ಜೆಟ್. ಹತ್ತು ನಿಮಿಷ ಓಡಿ ನಿಂತು, ಮುಚ್ಚಳ ತೆರೆದು ಹಾಕಿದರೆ ಮತ್ತೆ ಓಡುವುದಾದರೆ ಟ್ಯಾಂಕಿನ ಗಾಳಿ ತೂತು. ಫೋರ್ ಸ್ಟ್ರೋಕ್ ಬಿಳಿ ಹೊಗೆ ಕಾರಿದರೆ ಅಡ್ಡಾದಿಡ್ಡಿ ಮಲಗಿಸಿಟ್ಟಾಗ ಆಯಿಲ್ ಮೇಲೇರಿರುತ್ತದೆ, ಐದು ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಮತ್ತೆ ಆಯಿಲ್ ಮಟ್ಟ ನೋಡಿ.

ನೀರಿನ ಪಂಪ್, ಟಿಲ್ಲರ್ ಆದರೆ

ಇವುಗಳ ಕಾರ್ಬೊರೇಟರಿನ ಬುಡದಲ್ಲಿ ಒಂದು ಬಟ್ಟಲು, ಅದರಲ್ಲಿ ಫ್ಲೋಟ್. ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ಅಡಿಯ ಬೋಲ್ಟ್ ಬಿಚ್ಚಿದರೆ ಬಟ್ಟಲು ಕೈಗೆ ಬರುತ್ತದೆ. ಒಳಗಿನ ನೀರು, ಹಸಿರು ಕಿಲುಬು ಒರೆಸಿ, ನಡುವಿನ ಜೆಟ್ ತಿರುಪಿ ತೆಗೆದು ಬೆಳಕಿಗೆ ಹಿಡಿಯಿರಿ. ಗುಂಡಗೆ ಬೆಳಕು ಕಾಣಬೇಕು. ದೊಡ್ಡ ಎಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ತಾನೇ ಕಿಡಿ ನಿಲ್ಲಿಸುವ ವ್ಯವಸ್ಥೆ ಇರುತ್ತದೆ, ಕಾಯಿಲ್ ಬದಲಿಸುವ ಮೊದಲು ಆಯಿಲ್ ಮಟ್ಟ ನೋಡಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಪಂಪ್‌ಸೆಟ್ ಇದ್ದವರಿಗೆ ಇನ್ನೊಂದು ಮಾತು: ಸೀಮೆಎಣ್ಣೆಯಲ್ಲಿ ಓಡುತ್ತಿರುವಾಗಲೇ ನಿಲ್ಲಿಸಿದ್ದರೆ ಬಟ್ಟಲಿನ ತುಂಬ ಅದೇ ಇರುತ್ತದೆ, ತಣ್ಣನೆಯ ಎಂಜಿನ್ ಅದರಲ್ಲಿ ಹಿಡಿಯದು. ಬಟ್ಟಲು ಖಾಲಿ ಮಾಡಿ ಪೆಟ್ರೋಲ್ ತುಂಬಿಸಿ.

ಈ ಸಲ ಎತ್ತಿಡುವಾಗ

ತಿಂಗಳಿಗಿಂತ ಹೆಚ್ಚು ಕೂರಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಬಲ್ಬ್ ಒತ್ತಿ ಪೈಪಿನದ್ದನ್ನೂ ಹೊರಗೆ ತಂದು, ತಾನಾಗಿ ನಿಲ್ಲುವ ತನಕ ಐಡಲ್‌ನಲ್ಲಿ ಓಡಿಸಿ. ಪೆಟ್ರೋಲ್ ಇಲ್ಲದೆ ಪೊರೆ ಒಣಗುತ್ತದೆ, ತುಂಬಿಸಿಯೇ ಇಡಬೇಕು ಎನ್ನುವವರೂ ಇದ್ದಾರೆ. ಎಥನಾಲ್ ಇಲ್ಲದ ಕಾಲಕ್ಕೆ ಆ ಮಾತಿಗೆ ಬೆಲೆಯಿತ್ತು, ಈಗಿನ ಪೆಟ್ರೋಲಿಗೆ ನಾನು ಖಾಲಿ ಮಾಡುವುದರ ಪರ. ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ ಕೆಲವು ಹನಿ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಸಲ ನಿಧಾನ ಎಳೆದು, ಪ್ಲಗ್ ಹಾಕಿ, ಮೂರನೇ ಸಲ ಬಿ‍ಗಿ ಸಿಕ್ಕಿದಲ್ಲಿ ನಿಲ್ಲಿಸಿ. ಆ ಸ್ಥಿತಿಯಲ್ಲಿ ಫೋರ್ ಸ್ಟ್ರೋಕಿನ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವ ಒಳಗೆ ಹೋಗದು. ಸೈಲೆನ್ಸರ್ ಬಾಯಿಗೆ ಬಟ್ಟೆಯ ಉಂಡೆ ತುರುಕಿ, ಸ್ಟಾರ್ಟ್ ಮಾಡುವ ಮೊದಲು ನೆನಪಾಗುವ ಹಾಗೆ ಅದರ ಬಾಲ ಹೊರಗೆ ಉದ್ದ ಬಿಡಿ. ಇಲಿ ಹತ್ತದ ಕಡೆ, ಗೊಬ್ಬರದ ಚೀಲಗಳಿಂದ ದೂರ ತೂಗುಹಾಕಿ. ಗೊಬ್ಬರದ ಉಪ್ಪಿನ ತೇವಕ್ಕೆ ಅಲ್ಯೂಮಿನಿಯಂ ಮೈ ಬಿಳಿಬಿಳಿಯಾಗಿ ತಿಂದುಹೋಗುತ್ತದೆ. ಕ್ಯಾನಿನಲ್ಲಿ ಪೆಟ್ರೋಲ್ ಉಳಿದಿದ್ದರೆ ತಂದ ತಾರೀಖನ್ನು ಮಾರ್ಕರ್‌ನಲ್ಲಿ ಬರೆಯಿರಿ. ಆಯಿಲ್ ಬೆರೆಸದೇ ಇದ್ದದ್ದನ್ನು ಆ ವಾರವೇ ಬೈಕಿಗೆ ಸುರಿದು ಕ್ಯಾನ್ ಖಾಲಿ ಮಾಡಿಡಿ.